ಉತ್ತರ ಬರೆದಾದ ಮೇಲೆ ಬದಲಾದ ಅಂಕ: ಚೀನಾದ ಝೆಜಿಯಾಂಗ್‌ನ ಇಂಗ್ಲಿಷ್ ಪರೀಕ್ಷೆ, ನವೆಂಬರ್ 2018

2018ರ ನವೆಂಬರ್ 24ರಂದು ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಅಂಕಗಳು ಪ್ರಕಟವಾದವು. ಹನ್ನೊಂದು ದಿನ ಆದ ಮೇಲೆ, ಡಿಸೆಂಬರ್ 5ರಂದು, ಅದೇ ಅಂಕಗಳು ರದ್ದಾದವು. ಎಲ್ಲ ವಿದ್ಯಾರ್ಥಿಗಳಿಗೂ ಉತ್ತರ ಪತ್ರಿಕೆಯಲ್ಲಿ ಬಿದ್ದ ಮೂಲ ಅಂಕವನ್ನೇ ಕೊಟ್ಟರು. ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು.

ಇಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಾಗಿರಲಿಲ್ಲ. ತಪ್ಪು ಪ್ರಶ್ನೆಯ ಗಲಾಟೆಯೂ ಅಲ್ಲ. ಓದಿ ಅರ್ಥಮಾಡಿಕೊಳ್ಳುವ ಭಾಗದ ಮತ್ತು ಬರವಣಿಗೆಯ ಭಾಗದ ಕೆಲವು ಪ್ರಶ್ನೆಗಳು ಹಿಂದಿನ ವರ್ಷಕ್ಕಿಂತ ಕಷ್ಟವಾಗಿವೆ ಎಂದು ಪರೀಕ್ಷಾ ಸಂಸ್ಥೆಗೆ ಅನ್ನಿಸಿತು. ಅದನ್ನು ಸರಿದೂಗಿಸಲು ಅಂಕ ಕೊಡುವ ಲೆಕ್ಕವನ್ನೇ ಬದಲಿಸಿದರು. ಅಷ್ಟೇ ನಡೆದದ್ದು. ಆದರೆ ಒಂದು ಭಾಷೆಯನ್ನು ಕೇಳಿ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಅಳೆಯುವುದು ಎಷ್ಟು ನಾಜೂಕಿನ ಕೆಲಸ ಅಂತ ತಿಳಿಯಬೇಕಾದವರು ನೋಡಲೇಬೇಕಾದ ಪ್ರಕರಣ ಇದು. ಇಲ್ಲಿ ತಪ್ಪು ನಡೆದದ್ದು ಸಮಾನತೆಯ ಹೆಸರಿನಲ್ಲಿ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ವರ್ಷಕ್ಕೆ ಎರಡು ಸಲ ಇಂಗ್ಲಿಷ್

ಚೀನಾದ ಕಾಲೇಜು ಪ್ರವೇಶ ಪರೀಕ್ಷೆಗೆ ಗಾವೊಕಾವೊ ಎಂದು ಹೆಸರು. 2018ರಲ್ಲಿ ದೇಶದಾದ್ಯಂತ 97.5 ಲಕ್ಷ ವಿದ್ಯಾರ್ಥಿಗಳು ಇದಕ್ಕೆ ಹೆಸರು ನೋಂದಾಯಿಸಿದ್ದರು. ಹಲವು ದಶಕ ಇದು ವರ್ಷಕ್ಕೆ ಒಂದೇ ಸಲ ನಡೆಯುತ್ತಿತ್ತು. ಆ ದಿನ ಜ್ವರ ಬಂದರೂ ಅಷ್ಟೇ, ಕೈ ನಡುಗಿದರೂ ಅಷ್ಟೇ. ಒಂದು ಅಂಕ ಜಾಸ್ತಿ ತಂದರೆ ಸಾವಿರ ಜನರನ್ನು ಹಿಂದೆ ಹಾಕಬಹುದು ಎಂಬ ಘೋಷಣೆಯನ್ನು ಅಲ್ಲಿನ ಶಾಲೆಗಳು ಗೋಡೆಯ ಮೇಲೆ ತೂಗುಹಾಕುತ್ತವೆ. ಅದು ಉತ್ಪ್ರೇಕ್ಷೆ ಏನಲ್ಲ. ಲಕ್ಷಾಂತರ ಮಂದಿ ಒಂದೇ ಪಟ್ಟಿಯಲ್ಲಿ ನಿಂತಾಗ ಮಧ್ಯದ ಅಂಕಗಳ ಹತ್ತಿರ ಅಷ್ಟು ದಟ್ಟಣೆ ಇದ್ದೇ ಇರುತ್ತದೆ.

ಈ ಒತ್ತಡ ಕಡಿಮೆ ಮಾಡಬೇಕು ಎಂದು 2014ರ ಸೆಪ್ಟೆಂಬರ್‌ನಲ್ಲಿ ಚೀನಾ ಸರ್ಕಾರ ಹೊಸ ನೀತಿ ತಂದಿತು. ಮೊದಲ ಪ್ರಯೋಗಕ್ಕೆ ಶಾಂಘೈ ಮತ್ತು ಝೆಜಿಯಾಂಗ್ ಆಯ್ಕೆಯಾದವು. ಎರಡೂ ಕಡೆ ವಿದೇಶಿ ಭಾಷೆಯ ಪರೀಕ್ಷೆಯನ್ನು ಎರಡು ಸಲ ಬರೆಯಬಹುದು, ಜಾಸ್ತಿ ಬಂದ ಅಂಕವನ್ನು ಇಟ್ಟುಕೊಳ್ಳಬಹುದು. ಹೊಸ ಪದ್ಧತಿಯ ಮೊದಲ ತಂಡ ಕಾಲೇಜು ಸೇರಿದ್ದು 2017ರಲ್ಲಿ. ಝೆಜಿಯಾಂಗ್‌ನಲ್ಲಿ ಇಂಗ್ಲಿಷಿನ ಮೊದಲ ಅವಕಾಶ ಚಳಿಗಾಲದ ಹೊಸ್ತಿಲಲ್ಲಿ, ಎರಡನೆಯದು ಮುಂದಿನ ಜೂನ್‌ನಲ್ಲಿ.

ಚೀನೀ ಭಾಷೆ, ಗಣಿತ, ವಿದೇಶಿ ಭಾಷೆ, ಈ ಮೂರಕ್ಕೂ ತಲಾ 150 ಅಂಕ. ಈ ಮೂರರಲ್ಲೂ ಉತ್ತರ ಪತ್ರಿಕೆಯಲ್ಲಿ ಬಿದ್ದ ಅಂಕವೇ ಅಂತಿಮ. ವಿದ್ಯಾರ್ಥಿ ತಾನೇ ಆರಿಸಿಕೊಳ್ಳುವ ಉಳಿದ ಮೂರು ವಿಷಯಗಳ ಲೆಕ್ಕ ಬೇರೆ. ಅಲ್ಲಿ ಇಡೀ ಗುಂಪಿನಲ್ಲಿ ಎಷ್ಟನೆಯ ಸ್ಥಾನ ಎಂದು ನೋಡಿ 40ರಿಂದ 100ರವರೆಗೆ, ಮೂರು ಮೂರು ಅಂಕದ ಮೆಟ್ಟಿಲುಗಳಲ್ಲಿ ಆಗ ಹಂಚುತ್ತಿದ್ದರು.

ಈ ಮೆಟ್ಟಿಲಿನ ಲೆಕ್ಕ ಏನು ಮಾಡಿತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭೌತಶಾಸ್ತ್ರವನ್ನು ಬುದ್ಧಿವಂತ ಮಕ್ಕಳೇ ಆರಿಸಿಕೊಳ್ಳುತ್ತಾರೆ, ಅವರ ನಡುವೆ ಮೇಲಿನ ಸ್ಥಾನ ಸಿಗುವುದು ಕಷ್ಟ ಎಂದು ಉಳಿದವರು ಆ ವಿಷಯವನ್ನೇ ಬಿಡತೊಡಗಿದರು. ಕೊನೆಗೆ 2017ರಲ್ಲಿ ಭೌತಶಾಸ್ತ್ರದ ಲೆಕ್ಕಕ್ಕೆ ಕನಿಷ್ಠ 65,000 ಮಂದಿಯ ಆಧಾರ ಸಂಖ್ಯೆ ಇಟ್ಟು ಕಾಪಾಡಬೇಕಾಯಿತು. ಅಂದರೆ ಅಂಕದ ಲೆಕ್ಕ ಬದಲಾದರೆ ಮಕ್ಕಳು ಏನು ಓದುತ್ತಾರೆ ಅನ್ನುವುದೂ ಬದಲಾಗುತ್ತದೆ ಎಂಬ ಪಾಠ ಝೆಜಿಯಾಂಗ್‌ಗೆ ಒಂದು ವರ್ಷ ಮೊದಲೇ ಸಿಕ್ಕಿತ್ತು. ಹಾಗಿದ್ದೂ ಮುಂದಿನ ವರ್ಷ ಇಂಗ್ಲಿಷಿನ ಲೆಕ್ಕಕ್ಕೆ ಕೈ ಹಾಕಿದರು ಅನ್ನುವುದೇ ಆಶ್ಚರ್ಯ.

ಆ ಪತ್ರಿಕೆ ಏನನ್ನು ಅಳೆಯುತ್ತಿತ್ತು

120 ನಿಮಿಷ, 150 ಅಂಕ. ಮೊದಲು ಕೇಳುವ ಭಾಗ: 20 ಪ್ರಶ್ನೆ, ತಲಾ ಒಂದೂವರೆಯಂತೆ 30 ಅಂಕ. ಆಮೇಲೆ ಓದುವ ಭಾಗ, 35 ಅಂಕ. ಬಿಟ್ಟ ಪದ ತುಂಬುವ, ವ್ಯಾಕರಣದ ಭಾಗ 45. ಬರವಣಿಗೆ 40.

ಕೇಳುವ ಭಾಗದಲ್ಲಿ ಮೊದಲ ಐದು ಪುಟ್ಟ ಸಂಭಾಷಣೆಗಳನ್ನು ಒಂದೇ ಸಲ ಕೇಳಿಸುತ್ತಾರೆ. ಉಳಿದ 15 ಪ್ರಶ್ನೆಗಳಿಗೆ ಸೇರಿದ ಸ್ವಲ್ಪ ಉದ್ದದ ಮಾತುಗಳನ್ನು ಎರಡೆರಡು ಸಲ ಕೇಳಿಸುತ್ತಾರೆ. ಕೇಳುವ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ರೀತಿ ಕೇಳಿಸಬೇಕು ಅನ್ನುವುದೇ ದೊಡ್ಡ ತಲೆನೋವು. ಗಾವೊಕಾವೊ ದಿನ ಪರೀಕ್ಷಾ ಕೇಂದ್ರಗಳ ಸುತ್ತ ಹಾರ್ನ್ ಹೊಡೆಯುವ ಹಾಗಿಲ್ಲ, ಕಟ್ಟಡ ಕೆಲಸದ ಸದ್ದು ನಿಲ್ಲಿಸುತ್ತಾರೆ.

ಚೀನೀ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಕೇಳುವುದು ಯಾಕೆ ಕಷ್ಟ ಅನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಅವರ ಪ್ರಮಾಣ ಭಾಷೆಯಲ್ಲಿ ಒಂದು ಉಚ್ಚಾರಾಂಶ ಬಹುತೇಕ ಸ್ವರದಲ್ಲಿ ಮುಗಿಯುತ್ತದೆ, ಇಲ್ಲವೇ ಅನುನಾಸಿಕದಲ್ಲಿ. ಇಂಗ್ಲಿಷಿನಲ್ಲಿ ಎರಡು ಮೂರು ವ್ಯಂಜನಗಳು ಪದದ ಕೊನೆಯಲ್ಲಿ ಗುಂಪಾಗಿ ಬಂದು ಕೂರುತ್ತವೆ. ಕೆಲಸ ಆಗಿಹೋಯಿತೋ, ಇನ್ನೂ ಆಗುತ್ತಿದೆಯೋ ಅನ್ನುವ ಸುಳಿವು ಎಷ್ಟೋ ಸಲ ಆ ಕೊನೆಯ ಸದ್ದಿನಲ್ಲೇ ಅಡಗಿರುತ್ತದೆ. ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಹಾಗಾಗಿ ಆ ಸುಳಿವಿಗೆ ಕಾಯುವ ಅಭ್ಯಾಸ ಕಿವಿಗೆ ಇರುವುದಿಲ್ಲ. ಕನ್ನಡದ ಮಕ್ಕಳಿಗೆ ಈ ವಿಷಯದಲ್ಲಿ ಸ್ವಲ್ಪ ಅನುಕೂಲ ಇದೆ. ನಮ್ಮ ಕ್ರಿಯಾಪದ ಕಾಲ, ಲಿಂಗ, ವಚನ ಎಲ್ಲವನ್ನೂ ಕೊನೆಯಲ್ಲಿ ಹೊತ್ತುಕೊಂಡೇ ಬರುತ್ತದೆ.

ಓದುವ ವಿಷಯಕ್ಕೆ ಬಂದರೆ ನಾವೂ ಅವರೂ ಒಂದೇ ದೋಣಿಯಲ್ಲಿದ್ದೇವೆ. "ನಿನ್ನೆ ಅಂಗಡಿಯಲ್ಲಿ ಸಿಕ್ಕಿದ ಮುದುಕ" ಅಂತ ನಾವು ವಿವರವನ್ನು ಮೊದಲು ಹೇಳಿ ಆಮೇಲೆ ಮುದುಕನನ್ನು ತರುತ್ತೇವೆ. ಚೀನೀ ಭಾಷೆಯೂ ಹೀಗೇ. ಇಂಗ್ಲಿಷಿನಲ್ಲಿ ಮುದುಕ ಮೊದಲು ಬಂದು, ವಿವರ ಬಾಲದ ಹಾಗೆ ಹಿಂದೆ ಬರುತ್ತದೆ. ಬಾಲಕ್ಕೊಂದು ಬಾಲ ಸೇರಿ ವಾಕ್ಯ ಮೂರು ಸಾಲು ಆದಾಗ ಪದಗಳೆಲ್ಲ ಗೊತ್ತಿದ್ದರೂ ಅರ್ಥ ಜಾರಿಹೋಗುತ್ತದೆ. ಅದೇ ಕಾರಣಕ್ಕೆ ಓದುವ ಭಾಗದಲ್ಲಿ ಒಂದು ಪಠ್ಯ ಸ್ವಲ್ಪ ಬಿಗಿಯಾದರೂ ಇಡೀ ತರಗತಿಯ ಅಂಕ ಅಲ್ಲಾಡುತ್ತದೆ.

ಇಲ್ಲಿ ಪತ್ರಿಕೆಯ ರಚನೆಯದ್ದೂ ಪಾಲಿದೆ. ಝೆಜಿಯಾಂಗ್‌ನ ಪತ್ರಿಕೆಯಲ್ಲಿ ಪಠ್ಯ ಓದಿ ಉತ್ತರ ಆರಿಸುವ ಪ್ರಶ್ನೆಗಳು ಇದ್ದದ್ದು ಬರೀ ಹತ್ತು. ಒಂದೊಂದಕ್ಕೆ ಎರಡೂವರೆ ಅಂಕ. ವಾಕ್ಯಗಳನ್ನು ಸರಿಯಾದ ಜಾಗಕ್ಕೆ ಕೂರಿಸುವ ಐದು ಪ್ರಶ್ನೆಗಳು ಬೇರೆ, ಅವಕ್ಕೆ ತಲಾ ಎರಡು ಅಂಕ. ಸುಮ್ನೆ ಒಂದು ಲೆಕ್ಕ ಹಾಕಿ. ಆ ಹತ್ತರಲ್ಲಿ ನಾಲ್ಕು ಪ್ರಶ್ನೆಗಳು ನಿರೀಕ್ಷೆಗಿಂತ ಕಷ್ಟ ಬಂದವು ಅಂದುಕೊಳ್ಳೋಣ. ನೂರಕ್ಕೆ 70 ಮಂದಿ ಸರಿ ಮಾಡಬೇಕಿದ್ದ ಕಡೆ 50 ಮಂದಿ ಮಾತ್ರ ಸರಿ ಮಾಡಿದರು. ಸರಾಸರಿ ಅಂಕ ಎಷ್ಟು ಇಳಿಯುತ್ತದೆ? ಪೂರ್ತಿ ಎರಡು ಅಂಕ. ಒಂದು ಅಂಕಕ್ಕೆ ಸಾವಿರ ಜನ ಅನ್ನುವ ಊರಿನಲ್ಲಿ, ಪತ್ರಿಕೆ ಬರೆದವರ ಕೈ ಒಂಚೂರು ಜಾರಿದ್ದಕ್ಕೆ, ಸರಾಸರಿಯೇ ಎರಡು ಅಂಕ ಕೆಳಗೆ! ಕಡಿಮೆ ಪ್ರಶ್ನೆ, ಜಾಸ್ತಿ ಅಂಕ ಅನ್ನುವ ರಚನೆಯಲ್ಲೇ ಈ ಅಪಾಯ ಇತ್ತು.

ನವೆಂಬರ್ 24ರಿಂದ ಡಿಸೆಂಬರ್ 5

ನವೆಂಬರ್ ಪರೀಕ್ಷೆ ಮುಗಿಸಿ ಬಂದ ಮಕ್ಕಳಿಗೆ ಪತ್ರಿಕೆ ಕಷ್ಟ ಅನ್ನಿಸಿತ್ತು. ಪರೀಕ್ಷೆ ಆದ ಮೇಲೆ ಉತ್ತರಗಳನ್ನು ತಾಳೆ ನೋಡಿ ತಮಗೆಷ್ಟು ಬರಬಹುದು ಅಂತ ಅಂದಾಜು ಹಾಕುವುದು ಚೀನಾದಲ್ಲಿ ಹಳೆಯ ರೂಢಿ. 24ರಂದು ಅಂಕ ಬಂದಾಗ ಆ ಅಂದಾಜಿಗೂ ಬಂದ ಅಂಕಕ್ಕೂ ತಾಳೆಯಾಗಲಿಲ್ಲ. ಸಾಧಾರಣ ಅಂಕದವರು ಮೇಲೆ ಬಂದಿದ್ದಾರೆ, ಚೆನ್ನಾಗಿ ಬರೆದವರಿಗೆ ಏನೂ ಸೇರಿಲ್ಲ, ನಡುವಿನ ಅಂತರ ಕರಗಿದೆ ಎಂದು ಪೋಷಕರು ದೂರಿದರು.

27ರಂದು ಪ್ರಾಂತ್ಯದ ಪರೀಕ್ಷಾ ಸಂಸ್ಥೆ ವಿವರಣೆ ಕೊಟ್ಟಿತು. ಅದರ ಸಾರ ಹೀಗಿತ್ತು: ಉತ್ತರ ಪತ್ರಿಕೆಗಳನ್ನು ಪ್ರಾಯೋಗಿಕವಾಗಿ ತಿದ್ದಿ ನೋಡಿದಾಗ ಕೆಲವು ಪ್ರಶ್ನೆಗಳು ಹಿಂದಿನ ವರ್ಷದ ಇದೇ ಸಮಯದ ಪರೀಕ್ಷೆಗಿಂತ ಕಷ್ಟವಾಗಿರುವುದು ಕಂಡಿತು. ಬೇರೆ ಬೇರೆ ಸಲದ ಪರೀಕ್ಷೆಗಳ ಕಷ್ಟದ ಮಟ್ಟ ಹೆಚ್ಚೂಕಡಿಮೆ ಒಂದೇ ಇರಬೇಕು. ಅದಕ್ಕಾಗಿ ತಜ್ಞರ ಜೊತೆ ಚರ್ಚಿಸಿ, ಓದುವ ಭಾಗ ಮತ್ತು ಬರವಣಿಗೆ ಭಾಗದ ಕೆಲವು ಪ್ರಶ್ನೆಗಳ ತೂಕ (ಒಂದು ಪ್ರಶ್ನೆಗೆ ಎಷ್ಟು ಅಂಕ ಅನ್ನುವುದು) ಹೊಂದಿಸಿ ಅಂಕ ಕೊಡಲಾಗಿದೆ. ಇದು ಎಲ್ಲ ಅಭ್ಯರ್ಥಿಗಳಿಗೂ ಅನ್ವಯಿಸಿದೆ. ಉಳಿದ ಪ್ರಶ್ನೆಗಳನ್ನು ಮುಟ್ಟಿಲ್ಲ.

ವಿವರಣೆ ಬಂದ ಮೇಲೆ ಸಿಟ್ಟು ಇಳಿಯುವ ಬದಲು ಏರಿತು. ಏಕೆಂದರೆ ಅಲ್ಲಿಯವರೆಗೆ ಅದು ಬರೀ ಅನುಮಾನ ಆಗಿತ್ತು, ಈಗ ಸಂಸ್ಥೆಯೇ ಒಪ್ಪಿಕೊಂಡ ಹಾಗಾಯಿತು. ಇಂಗ್ಲಿಷಿನಲ್ಲಿ ಬಿದ್ದ ಅಂಕವೇ ಅಂತಿಮ ಎಂದು ನಂಬಿ ಬರೆದವರಿಗೆ, ಅಂಕ ಬಂದ ಮೂರು ದಿನಕ್ಕೆ, ಇಲ್ಲ ನಡುವೆ ಒಂದು ಲೆಕ್ಕ ಇತ್ತು ಅಂದರೆ ಯಾರು ಸುಮ್ಮನಿರುತ್ತಾರೆ?

ಪ್ರಾಂತ್ಯ ಸರ್ಕಾರ ತನಿಖಾ ತಂಡ ಮಾಡಿತು. ಡಿಸೆಂಬರ್ 5ರಂದು ತೀರ್ಮಾನ ಹೊರಬಂತು. ತೂಕ ಹಾಕಿ ಅಂಕ ಕೊಟ್ಟದ್ದು ಗಂಭೀರವಾದ ತಪ್ಪು ನಿರ್ಧಾರದಿಂದ ಆದ ದೊಡ್ಡ ಅನಾಹುತ ಎಂದು ಅದು ಹೇಳಿತು. ಆ ಲೆಕ್ಕ ರದ್ದು, ಮೂಲ ಅಂಕವೇ ಊರ್ಜಿತ. ಹೊಣೆ ಹೊತ್ತವರ ಮೇಲೆ ಕ್ರಮ. ಇಷ್ಟು ಬೇಗ, ಇಷ್ಟು ಮೇಲಿನ ಹಂತದಲ್ಲಿ ಪರೀಕ್ಷೆಯ ಅಂಕ ಹಿಂದಕ್ಕೆ ಹೋಗುವುದು ಚೀನಾದಲ್ಲಿ ಅಪರೂಪ.

ತೂಕ ಬದಲಿಸಿದರೆ ಆಗುವುದೇನು

ಪ್ರಶ್ನೆ ಕಷ್ಟ ಇತ್ತು, ಅದಕ್ಕೆ ಪರಿಹಾರ ಕೊಟ್ಟರು, ಎಲ್ಲರಿಗೂ ಕೊಟ್ಟರು, ಇದರಲ್ಲೇನು ತಪ್ಪು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರಕ್ಕೆ ಇಬ್ಬರು ಕಾಲ್ಪನಿಕ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳೋಣ. ಅಂಕಗಳೂ ನಾನು ಉದಾಹರಣೆಗೆ ಇಟ್ಟುಕೊಂಡವು.

ಇಬ್ಬರಿಗೂ 120 ಬಂದಿದೆ. ಮೊದಲನೆಯವಳು ಓದುವ ಭಾಗದ ಎರಡು ಕಷ್ಟದ ಪ್ರಶ್ನೆಗಳನ್ನು ಸರಿ ಮಾಡಿದ್ದಾಳೆ, ಬೇರೆ ಕಡೆ ಅಷ್ಟೇ ಅಂಕ ಕಳೆದುಕೊಂಡಿದ್ದಾಳೆ. ಎರಡನೆಯವನು ಆ ಎರಡು ಪ್ರಶ್ನೆ ತಪ್ಪು ಮಾಡಿದ್ದಾನೆ, ಕೇಳುವ ಭಾಗದಲ್ಲಿ ಪೂರ್ತಿ ಅಂಕ ತಂದಿದ್ದಾನೆ. ಈಗ ಆ ಪ್ರಶ್ನೆಗಳ ತೂಕವನ್ನು ಎರಡೂವರೆಯಿಂದ ನಾಲ್ಕಕ್ಕೆ ಏರಿಸಿದರೆ ಅವಳಿಗೆ 123, ಅವನಿಗೆ 120. ಇಬ್ಬರೂ ಬರೆದದ್ದು ಬದಲಾಗಲಿಲ್ಲ. ಸ್ಥಾನ ಬದಲಾಯಿತು.

ಅವಳಿಗೆ ಸಿಕ್ಕಿದ್ದು ಸರಿ ತಾನೇ, ಕಷ್ಟದ ಪ್ರಶ್ನೆ ಬಿಡಿಸಿದ್ದಾಳಲ್ಲ? ಇಲ್ಲೇ ನಿಲ್ಲಬೇಕು. ಪತ್ರಿಕೆಯ ಮೇಲೆ ಎರಡೂವರೆ ಅಂಕ ಎಂದು ಅಚ್ಚಾಗಿತ್ತು. ಅವನು ಆ ಪ್ರಶ್ನೆ ನೋಡಿ, ಇದಕ್ಕೆ ಐದು ನಿಮಿಷ ಕಳೆಯುವ ಬದಲು ಬರವಣಿಗೆಗೆ ಹೋಗೋಣ ಅಂದುಕೊಂಡಿರಬಹುದು. 120 ನಿಮಿಷದ ಪರೀಕ್ಷೆಯಲ್ಲಿ ಎಲ್ಲಿ ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನು ಮಕ್ಕಳು ಅಚ್ಚಾದ ಅಂಕ ನೋಡಿಯೇ ನಿರ್ಧರಿಸುತ್ತಾರೆ. ಶಿಕ್ಷಕರು ಮೂರು ವರ್ಷ ಕಲಿಸಿದ್ದೂ ಅದನ್ನೇ. ಆಟ ಮುಗಿದ ಮೇಲೆ, ಆ ಪ್ರಶ್ನೆಗೆ ನಾಲ್ಕು ಅಂಕ ಇತ್ತು ಕಣಪ್ಪಾ ಅಂದರೆ ಅವನ ನಿರ್ಧಾರವನ್ನು ಹಿಂದಿನಿಂದ ಬಂದು ತಪ್ಪು ಮಾಡಿದ ಹಾಗೆ.

ಇನ್ನೊಂದು ರೀತಿ ನೋಡೋಣ. ತೂಕ ಏರಿಸುವಾಗ ಒಟ್ಟು ಅಂಕ 150ನ್ನು ದಾಟುವ ಹಾಗಿಲ್ಲ. ಹಾಗಾಗಿ ಯಾವುದೇ ದಾರಿಯಲ್ಲಿ ಅಂಕ ಮೇಲೆತ್ತಿದರೂ 148 ಬಂದವಳಿಗೆ ಸಿಗುವುದು ಹೆಚ್ಚೆಂದರೆ ಎರಡು. 110 ಬಂದವನಿಗೆ ಹತ್ತು ಸಿಗಲೂ ಜಾಗ ಇದೆ. ಮೇಲೆ ಗೋಡೆ ಇರುವಾಗ ಕೆಳಗಿನವರನ್ನೆಲ್ಲ ಎತ್ತಿದರೆ ಮೇಲಿನವರು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾರೆ. ಪೋಷಕರು ದೂರಿದ್ದೂ ಇದೇ ರೀತಿಯ ಪರಿಣಾಮವನ್ನು.

ಬೇರೆ ಭಾಷೆ ಬರೆದವರ ಕಥೆ ಇನ್ನೂ ಗಂಭೀರ. ಗಾವೊಕಾವೊದಲ್ಲಿ ವಿದೇಶಿ ಭಾಷೆ ಅಂದರೆ ಇಂಗ್ಲಿಷ್ ಮಾತ್ರ ಅಲ್ಲ. ಜಪಾನೀ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಸಹ ತೆಗೆದುಕೊಳ್ಳಬಹುದು. ಎಲ್ಲಕ್ಕೂ 150 ಅಂಕ, ಎಲ್ಲರೂ ಸೇರುವುದು ಅದೇ ಪಟ್ಟಿಗೆ. ತೂಕ ಹೊಂದಿಸಿದ್ದು ಇಂಗ್ಲಿಷ್ ಪತ್ರಿಕೆಗೆ. ಜಪಾನೀ ಬರೆದ ಹುಡುಗಿಯ ಅಂಕ ಇದ್ದಲ್ಲೇ ಇತ್ತು, ಅವಳ ಸುತ್ತಲಿನವರ ಅಂಕ ಮಾತ್ರ ಮೇಲೇರಿತು. "ಎಲ್ಲರಿಗೂ ಅನ್ವಯ" ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹೋಲಿಕೆ ಯಾರ ಜೊತೆ?

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇರುವುದು ಇಲ್ಲಿ. ಸಂಸ್ಥೆ ಹೋಲಿಸಿದ್ದು ಹಿಂದಿನ ವರ್ಷದ ಇದೇ ಸಮಯದ ಪರೀಕ್ಷೆಗೆ, ಅಂದರೆ 2017ರ ನವೆಂಬರ್‌ಗೆ. ಆದರೆ 2017ರ ನವೆಂಬರ್‌ನಲ್ಲಿ ಬರೆದವರು 2018ರಲ್ಲಿ ಕಾಲೇಜು ಸೇರಿಯಾಗಿತ್ತು. 2018ರ ನವೆಂಬರ್‌ನಲ್ಲಿ ಬರೆದವರು ಸೀಟಿಗೆ ಪೈಪೋಟಿ ನಡೆಸುವುದು 2019ರಲ್ಲಿ. ಹಳೆಯ ಅಂಕ ಇಟ್ಟುಕೊಂಡು ಮತ್ತೆ ಪ್ರವೇಶಕ್ಕೆ ಬರುವ ಕೆಲವರನ್ನು ಬಿಟ್ಟರೆ, ಈ ಎರಡು ಗುಂಪು ಒಂದೇ ಸೀಟಿಗಾಗಿ ಎದುರಾಗುವುದೇ ಇಲ್ಲ.

ಹಾಗಾದರೆ ಯಾವ ಎರಡು ಪರೀಕ್ಷೆಗಳು ಸಮ ಇರಬೇಕಿತ್ತು? 2018ರ ನವೆಂಬರ್ ಮತ್ತು 2019ರ ಜೂನ್. ಒಂದೇ ತಂಡ ಎರಡರಲ್ಲಿ ಯಾವುದರಲ್ಲಿ ಜಾಸ್ತಿ ಬಂತೋ ಅದನ್ನು ಇಟ್ಟುಕೊಳ್ಳುತ್ತದೆ. ನವೆಂಬರ್‌ನಲ್ಲಿ ಅಂಕ ತೀರ್ಮಾನಿಸುವಾಗ ಜೂನ್ ಪತ್ರಿಕೆಯನ್ನು ಯಾರೂ ಬರೆದಿರಲೇ ಇಲ್ಲ. ಅದು ಎಷ್ಟು ಕಷ್ಟ ಎಂದು ಅಳೆಯಲು ಸಾಧ್ಯವೇ ಇರಲಿಲ್ಲ. ಅಂದರೆ ಸಮ ಮಾಡಬೇಕಾದದ್ದನ್ನು ಆಗ ಸಮ ಮಾಡಲು ಆಗುತ್ತಿರಲಿಲ್ಲ. ಸಮ ಮಾಡಿದ್ದರ ಅಗತ್ಯ ಹೆಚ್ಚಿರಲಿಲ್ಲ.

ಎರಡು ಅವಕಾಶ ಇರುವಾಗ ಒಂದು ಪತ್ರಿಕೆ ಕಷ್ಟವಾದರೆ ಅದು ತನ್ನಷ್ಟಕ್ಕೆ ಅನ್ಯಾಯ ಅಲ್ಲ. ಕಷ್ಟ ಎಲ್ಲರಿಗೂ ಒಂದೇ. ಮತ್ತೆ ಎಲ್ಲರೂ ಜೂನ್‌ನಲ್ಲಿ ಬರೆಯಬಹುದು. ಯಾರೋ ಒಬ್ಬರು ಕಾಯಿಲೆ ಬಿದ್ದು ಒಂದು ಅವಕಾಶ ತಪ್ಪಿಸಿಕೊಂಡರೆ ಮಾತ್ರ ಪತ್ರಿಕೆಗಳ ನಡುವಿನ ವ್ಯತ್ಯಾಸ ಅವರಿಗೆ ಹೊಡೆತ ಕೊಡುತ್ತದೆ. ಸುಮ್ಮನೆ ಬಿಟ್ಟಿದ್ದರೆ ಆಗುತ್ತಿದ್ದ ತೊಂದರೆ ಇಷ್ಟೇ. ಸರಿ ಮಾಡಲು ಹೋಗಿ ಆದದ್ದು ಇಡೀ ಪ್ರಾಂತ್ಯದ ಸ್ಥಾನಪಟ್ಟಿಯ ಏರುಪೇರು.

ಅಳತೆಯನ್ನು ಸಮ ಮಾಡುವ ದಾರಿ ಇದೆ

ಎರಡು ಬೇರೆ ಪತ್ರಿಕೆಗಳ ಅಂಕವನ್ನು ಹೋಲಿಸಲು ಆಗುವುದೇ ಇಲ್ಲ ಎಂದು ಹೇಳುತ್ತಿಲ್ಲ. ಆಗುತ್ತದೆ. ಆದರೆ ಅದಕ್ಕೆ ಪರೀಕ್ಷೆಗೆ ಮೊದಲೇ ತಯಾರಿ ಬೇಕು. ಸಾಮಾನ್ಯ ದಾರಿ ಅಂದರೆ ಎರಡೂ ಪತ್ರಿಕೆಗಳಲ್ಲಿ ಕೆಲವು ಪ್ರಶ್ನೆಗಳನ್ನು ಒಂದೇ ಇಡುವುದು. ಅವಕ್ಕೆ ಆಂಕರ್ ಪ್ರಶ್ನೆಗಳು ಅನ್ನುತ್ತಾರೆ. ಈ ಸಲದ ಮಕ್ಕಳು ಆಂಕರ್ ಪ್ರಶ್ನೆಗಳನ್ನು ಹಿಂದಿನವರಷ್ಟೇ ಚೆನ್ನಾಗಿ ಮಾಡಿ, ಉಳಿದವುಗಳಲ್ಲಿ ಕಡಿಮೆ ತಂದರೆ ಪತ್ರಿಕೆ ಕಷ್ಟವಾಗಿದೆ ಎಂದರ್ಥ. ಆಂಕರ್ ಪ್ರಶ್ನೆಗಳಲ್ಲೇ ಕಡಿಮೆ ತಂದಿದ್ದರೆ ಕಷ್ಟವಾದದ್ದು ಪತ್ರಿಕೆ ಅಲ್ಲ, ಈ ಗುಂಪಿನ ಇಂಗ್ಲಿಷೇ ಸ್ವಲ್ಪ ಕಡಿಮೆ.

ಈ ಎರಡನ್ನು ಬೇರ್ಪಡಿಸದೆ ಕಡಿಮೆ ಅಂಕ ಬಂದದ್ದನ್ನೇ ನೋಡಿ ಪತ್ರಿಕೆ ಕಷ್ಟ ಇತ್ತು ಅಂತ ಹೇಳಲು ಆಗುವುದಿಲ್ಲ. ಗಾವೊಕಾವೊದಲ್ಲಿ ಆಂಕರ್ ಇಡುವುದು ಬಹಳ ಕಷ್ಟ. ಪ್ರಶ್ನೆಪತ್ರಿಕೆ ತಯಾರಿಸುವವರನ್ನು ಪರೀಕ್ಷೆ ಮುಗಿಯುವವರೆಗೆ ಹೊರಗಿನ ಸಂಪರ್ಕ ಇಲ್ಲದ ಜಾಗದಲ್ಲಿ ಇರಿಸುತ್ತಾರೆ. ಪರೀಕ್ಷೆ ಮುಗಿದ ಕೂಡಲೇ ಪತ್ರಿಕೆ ಎಲ್ಲರ ಕೈಗೆ ಬರುತ್ತದೆ, ಮುಂದಿನ ವರ್ಷ ಅದೇ ಅಭ್ಯಾಸ ಪುಸ್ತಕ ಆಗುತ್ತದೆ. ಒಮ್ಮೆ ಬಳಸಿದ ಪ್ರಶ್ನೆ ಮತ್ತೆ ಬಳಸುವ ಹಾಗಿಲ್ಲ. ಸೋರಿಕೆಯ ಭಯದಿಂದ ಮೊದಲೇ ಬೇರೆ ಮಕ್ಕಳ ಮೇಲೆ ಪ್ರಯೋಗಿಸಿ ನೋಡುವುದೂ ಸುಲಭ ಅಲ್ಲ.

ಚೀನಾಕ್ಕೆ ಈ ವಿದ್ಯೆ ಗೊತ್ತಿಲ್ಲ ಎಂದೇನಲ್ಲ. ಅಲ್ಲಿನ ಕಾಲೇಜು ವಿದ್ಯಾರ್ಥಿಗಳಿಗೆ ಸಿಇಟಿ ಎಂಬ ಇಂಗ್ಲಿಷ್ ಪರೀಕ್ಷೆ ಇದೆ. ನಮ್ಮ ಸಿಇಟಿಗೂ ಅದಕ್ಕೂ ಸಂಬಂಧ ಇಲ್ಲ. ಅದರ ನಾಲ್ಕನೆಯ ಹಂತದಲ್ಲಿ ಕೇಳುವುದಕ್ಕೆ ಶೇ. 35, ಓದುವುದಕ್ಕೆ ಶೇ. 35 ಪಾಲು. 2005ರಿಂದ ಅದರ ಅಂಕವನ್ನು 710ರ ಅಳತೆಯಲ್ಲಿ ಹೇಳುತ್ತಾರೆ. ಒಂದು ಆಧಾರ ಗುಂಪಿನ ಸರಾಸರಿಯನ್ನು 500 ಎಂದು ಇಟ್ಟು, ಪ್ರತಿ ಸಲದ ಪತ್ರಿಕೆಯನ್ನು ಆ ಅಳತೆಗೆ ತರುತ್ತಾರೆ. ಅಲ್ಲಿ ಯಾರೂ ನನ್ನ ಮೂಲ ಅಂಕ ಎಲ್ಲಿ ಅಂತ ಬೀದಿಗಿಳಿಯುವುದಿಲ್ಲ. ಯಾಕೆಂದರೆ ಬರುವುದು ಪರಿವರ್ತಿಸಿದ ಅಂಕ ಎಂದು ಬರೆಯುವ ಮೊದಲೇ ಎಲ್ಲರಿಗೂ ಗೊತ್ತು. ಇಲ್ಲಿ ತೂಕ ಬದಲಾಗುವುದು ಪ್ರಶ್ನೆಗಲ್ಲ. ಒಟ್ಟು ಅಂಕವನ್ನು ಇನ್ನೊಂದು ಅಳತೆಗೆ ತರುತ್ತಾರೆ, ಇಬ್ಬರ ನಡುವಿನ ಹಿಂದೆಮುಂದೆ ಹಾಗೇ ಉಳಿಯುತ್ತದೆ. ಝೆಜಿಯಾಂಗ್‌ನಲ್ಲಿ ಮಾಡಿದ್ದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಇದೇ 2018ರಲ್ಲಿ ಚೀನಾ ಇಂಗ್ಲಿಷ್ ಸಾಮರ್ಥ್ಯದ ಒಂದು ರಾಷ್ಟ್ರೀಯ ಅಳತೆಪಟ್ಟಿಯನ್ನು ಹೊರತಂದಿತ್ತು. ಏಪ್ರಿಲ್‌ನಲ್ಲಿ ಪ್ರಕಟವಾಗಿ ಜೂನ್‌ನಿಂದ ಜಾರಿಗೆ ಬಂತು. ಒಂಬತ್ತು ಹಂತ. ಯಾವ ಹಂತದವರು ಎಂಥ ಮಾತು ಕೇಳಿ ಅರ್ಥಮಾಡಿಕೊಳ್ಳಬಲ್ಲರು, ಎಂಥ ಬರಹ ಓದಬಲ್ಲರು ಎಂದು ಅದು ವಿವರಿಸುತ್ತದೆ. ಒಂದು ಪ್ರಶ್ನೆ ಈ ಅಳತೆಯಲ್ಲಿ ಎಲ್ಲಿ ನಿಲ್ಲುತ್ತದೆ ಎಂದು ಪರೀಕ್ಷೆಗೆ ಮೊದಲೇ ನೋಡುವ ದಾರಿ ಅಲ್ಲಿಂದ ತೆರೆಯಿತು. ಅದು ವರ್ಷಗಟ್ಟಲೆ ಹಿಡಿಯುವ ಕೆಲಸ. ಉತ್ತರ ಪತ್ರಿಕೆ ತಿದ್ದುವ ಕೆಲವೇ ದಿನಗಳಲ್ಲಿ ಮುಗಿಯುವಂಥದ್ದಲ್ಲ.

ನಮ್ಮ ಮನೆ ಬಾಗಿಲಲ್ಲೂ

ಕರ್ನಾಟಕದಲ್ಲಿ 2023-24ರಿಂದ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಜಾಸ್ತಿ ಬಂದ ಅಂಕ ಇಟ್ಟುಕೊಳ್ಳಬಹುದು. ಝೆಜಿಯಾಂಗ್‌ನ ಎರಡು ಅವಕಾಶದ ಮೂಲ ಯೋಚನೆಯೇ ಇದು. ಮಕ್ಕಳಿಗೆ ಒಳ್ಳೆಯದೇ. ಆದರೆ ಪರೀಕ್ಷೆ ಒಂದರ ಪತ್ರಿಕೆಗೂ ಪರೀಕ್ಷೆ ಎರಡರ ಪತ್ರಿಕೆಗೂ ಕಷ್ಟದಲ್ಲಿ ಎಷ್ಟು ವ್ಯತ್ಯಾಸ ಎಂಬ ಪ್ರಶ್ನೆ ನಮ್ಮೆದುರೂ ಇದೆ.

ಪರೀಕ್ಷೆ ಆದ ಮೇಲೆ ಪ್ರಶ್ನೆಗಳ ಲೆಕ್ಕ ಬದಲಾದದ್ದನ್ನು ನಾವೂ ಕಂಡಿದ್ದೇವೆ. 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯಕ್ರಮದಿಂದ ಕೈಬಿಟ್ಟ ಭಾಗಗಳ ಪ್ರಶ್ನೆಗಳು ಬಂದವು. ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದರು. ಪಾಠದಲ್ಲೇ ಇಲ್ಲದ್ದನ್ನು ಕೇಳಿದ್ದರಿಂದ ಬೇರೆ ದಾರಿಯೂ ಇರಲಿಲ್ಲ ಅನ್ನಿ, ಝೆಜಿಯಾಂಗ್‌ಗಿಂತ ಕಾರಣ ಗಟ್ಟಿ ಇತ್ತು. ಆದರೆ ಪ್ರಶ್ನೆ ತೆಗೆಯುವುದು ಅಂದರೆ ಅದರ ತೂಕ ಸೊನ್ನೆ ಮಾಡುವುದು. ಆ ಪ್ರಶ್ನೆಗಳ ಜೊತೆ ಗುದ್ದಾಡಿ ಸಮಯ ಕಳೆದವರಿಗೆ ಆ ನಿಮಿಷಗಳು ವಾಪಸ್ ಬರಲಿಲ್ಲ. ಅವನ್ನು ನೋಡಿದ ಕೂಡಲೇ ದಾಟಿಹೋದವರಿಗೆ ಲಾಭ ಆಯಿತು.

ಆಮೇಲೆ ಆದದ್ದು

ಮೂಲ ಅಂಕ ವಾಪಸ್ ಬಂದಾಗ ಎಲ್ಲರೂ ಖುಷಿಪಟ್ಟಿರಲಾರರು. ತೂಕದಿಂದ ಮೇಲೆ ಬಂದಿದ್ದವರ ಅಂಕ ಇಳಿಯಿತು. ಅವರು ಏನೂ ತಪ್ಪು ಮಾಡಿರಲಿಲ್ಲ. ಒಂದು ಸಂಖ್ಯೆ ನೋಡಿ, ಜೂನ್‌ನಲ್ಲಿ ಇಂಗ್ಲಿಷ್ ಮತ್ತೆ ಬರೆಯುವುದು ಬೇಡ, ಗಣಿತಕ್ಕೆ ಸಮಯ ಕೊಡೋಣ ಅಂದುಕೊಂಡ ಹದಿನೆಂಟು ವರ್ಷದ ಹುಡುಗರು ಹನ್ನೊಂದು ದಿನ ಆದ ಮೇಲೆ ಆ ಯೋಜನೆಯನ್ನು ಮತ್ತೆ ಬರೆಯಬೇಕಾಯಿತು. ಆದರೂ ಆ ಹೊತ್ತಿಗೆ ಹಿಂದಕ್ಕೆ ಹೋಗುವುದೇ ಸರಿಯಾದ ತೀರ್ಮಾನ ಎಂದು ನನಗನ್ನಿಸುತ್ತದೆ. ಬರೆಯುವ ಮೊದಲು ಎಲ್ಲರೂ ಒಪ್ಪಿದ್ದ ಲೆಕ್ಕ ಅದೊಂದೇ. ಎರಡು ಅವಕಾಶದ ಪದ್ಧತಿಯನ್ನೇ ಕಿತ್ತುಹಾಕದೆ ಉಳಿಸಿಕೊಂಡದ್ದೂ ಒಳ್ಳೆಯದಾಯಿತು.

2020ರಿಂದ ಝೆಜಿಯಾಂಗ್‌ನಲ್ಲಿ ಮೊದಲ ಅವಕಾಶ ನವೆಂಬರ್‌ನಿಂದ ಜನವರಿಗೆ ಬಂತು. 2023ರಿಂದ ಚೀನೀ, ಗಣಿತ, ಇಂಗ್ಲಿಷ್ ಮೂರಕ್ಕೂ ಪ್ರಾಂತ್ಯ ರಾಷ್ಟ್ರೀಯ ಪತ್ರಿಕೆಯನ್ನೇ ಬಳಸುತ್ತಿದೆ. ಈ ಬದಲಾವಣೆಗಳಿಗೆ ಬೇರೆ ಕಾರಣಗಳೂ ಇವೆ, ಎಲ್ಲವನ್ನೂ 2018ಕ್ಕೆ ತಂದು ಕಟ್ಟುವುದು ಬೇಡ. ಬೇರೆ ಕಡೆಯೂ ಇಂಗ್ಲಿಷಿನ ಅಳತೆ ಬದಲಾಗುತ್ತಿದೆ. ಬೀಜಿಂಗ್‌ನಲ್ಲಿ 2021ರಿಂದ ಕೇಳುವ ಮತ್ತು ಮಾತಾಡುವ ಭಾಗವನ್ನು ಬೇರೆಯಾಗಿ, ಕಂಪ್ಯೂಟರಿನಲ್ಲಿ ನಡೆಸುತ್ತಾರೆ. ಅದಕ್ಕೆ 50 ಅಂಕ, ಎರಡು ಅವಕಾಶ.

ರಾಷ್ಟ್ರೀಯ ಪತ್ರಿಕೆಯಲ್ಲಿ ಕೇಳುವ ಭಾಗಕ್ಕೆ ಮೊದಲಿನಂತೆ 30 ಅಂಕ. ಓದುವ ಭಾಗ ಮಾತ್ರ ದೊಡ್ಡದು, 50 ಅಂಕ. ಪಠ್ಯ ಓದಿ ಉತ್ತರಿಸುವ ಪ್ರಶ್ನೆಗಳು ಹತ್ತರ ಬದಲು ಹದಿನೈದು. ಒಂದೊಂದಕ್ಕೆ ಈಗಲೂ ಎರಡೂವರೆ ಅಂಕವೇ. ಪ್ರಶ್ನೆ ಜಾಸ್ತಿ ಇದ್ದಷ್ಟೂ ಮಗುವಿನ ಓದು ಎಂಥದ್ದು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಒಂದೇ ಪಠ್ಯ ಬಿಗಿಯಾಗಿ ಅದರ ನಾಲ್ಕು ಪ್ರಶ್ನೆಗಳೂ ಜಾರಿದರೆ ಹೋಗುವುದು ಅಷ್ಟೇ ಹತ್ತು ಅಂಕ. ಹಾಗಾಗಿ ಪಠ್ಯ ಆರಿಸುವವರ ಹೊಣೆ ಹೊಸ ಪತ್ರಿಕೆಯಲ್ಲೂ ಕಡಿಮೆಯಾಗಿಲ್ಲ.